ಮಾದ್ರಿಯ ಗಾಯಕ್ಕೆ ಮುಲಾಮು

ನಿಲ್ಲಿ, ಇದೊಂದನ್ನು ಪೂರ್ತಿ ಕೇಳಿ. ನಡುವೆ ಸಿಟ್ಟು ಬಂದೀತು, ಬಂದರೆ ಬರಲಿ, ಎದ್ದು ಮಾತ್ರ ಹೋಗಬೇಡಿ. ಕಂಪೌಂಡರ್ ಪಂಢರೀನಾಥನಿಗೂ ಬಂದಿತ್ತು. ಕೈಯಲ್ಲಿದ್ದ ಪಟ್ಟಿಯ ಸುರುಳಿ ಜಾರಿ, ಬಿಚ್ಚಿಕೊಳ್ಳುತ್ತ ಅಂಗಳದ ತುದಿಯವರೆಗೆ ಓಡಿಹೋದರೂ ಅವನಿಗೆ ಗೊತ್ತಾಗಲಿಲ್ಲ. ಅಷ್ಟು ಬಂದಿತ್ತು.

"ಒತ್ತಲೇ ಹೆಬ್ಬಟ್ಟು!" ಫೌಜದಾರ ಮೂರನೆಯ ಸಲ ಕೂಗಿದ.

ಲಾಡಸಾಬ ಒತ್ತಲಿಲ್ಲ. ಐವತ್ತು ದಾಟಿದ ಮನುಷ್ಯ, ಬೇಡಿ ಬಿದ್ದ ಎರಡೂ ಕೈಗಳನ್ನು ಎದೆಗವಚಿಕೊಂಡು ಪಡಸಾಲೆಯ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಶಿಪಾಯಿ ಅವನ ಹೆಬ್ಬೆರಳಿಗೆ ಮಸಿ ಬಳಿದು ತಪ್ಪೊಪ್ಪಿಗೆಯ ಕಾಗದದತ್ತ ಎಳೆದ. ಲಾಡಸಾಬ ಮುಷ್ಟಿ ಬಿಗಿದ. ಕಾಗದದ ಮೇಲೆ ಒಂದು ಕಪ್ಪು ಗೀರು ಬಿತ್ತೇ ಹೊರತು ಗುರುತು ಬೀಳಲಿಲ್ಲ.

ಆಮೇಲೆ ಅವನು ತಲೆಯೆತ್ತಿ ಪಂಢರೀನಾಥನನ್ನು ನೋಡಿದ.

"ನೀರು ಬರಾಕತ್ತೈತೇನ್ರಿ ಇನ್ನೂ?"

"ಯಾವ ನೀರು?"

"ಮಾದ್ರಿ ಗಾಯದಾಗಿಂದ್ರಿ. ನನ್ನ ಅತ್ತಾಗ ಹಾಯಾಕ ಬಿಡವಲ್ರು."

ಕೇಳಿದಿರಾ? ಇವತ್ತು ನಾಲ್ಕು ಗಂಟೆಯ ರೈಲುಗಾಡಿಗೆ ಬಿಜಾಪುರದ ಜೇಲಿಗೆ ಹೋಗಬೇಕಾದವನು ತನ್ನ ಗತಿಯೇನೆಂದು ಕೇಳಲಿಲ್ಲ. ಬಳ್ಳಿಯ ಗತಿ ಕೇಳಿದ.

ಹೊಸದಾಗಿ ಬಂದು ಕೂತವರಿಗೆ ಒಂದೇ ಮಾತು: ಮೊನ್ನೆ ನಸುಕಿನಲ್ಲಿ ಯಾರೋ ಈ ದ್ರಾಕ್ಷಿ ತೋಟದ ತಾಯಿಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಗರಗಸ ಹಾಕಿ ಕಡಿದಿದ್ದರು. ತೋಟದ ಯಜಮಾನ ಮತೇವ, ಇಪ್ಪತ್ತೆರಡು ವರ್ಷ ಅಲ್ಲೇ ದುಡಿದ ಲಾಡಸಾಬನ ಹೆಸರು ಬರೆಸಿ ಫಿರ್ಯಾದಿ ಕೊಟ್ಟಿದ್ದ. ಮತೇವನ ತಾಯಿ ದುರಗವ್ವನ ಮುರಿದ ಕೈಗೆ ಹೊಸ ಪಟ್ಟಿ ಕಟ್ಟಲೆಂದು ಬಾಗಲಕೋಟೆಯಿಂದ ಬೆಳಗಿನ ರೈಲಿಗೆ ಬಂದ ಪಂಢರೀನಾಥ ಈ ಅನ್ಯಾಯದ ನಡುವೆ ಕಾಲಿಟ್ಟಿದ್ದ.

"ಸಾಕ್ಷಿ ಏನದರಿ?" ಎಂದು ಅವನು ಕೇಳಿದ.

"ಸಾಕ್ಷಿ?" ಫೌಜದಾರ ನಕ್ಕ. "ಈ ದ್ರಾಕ್ಷಿ ಪಡದಾಗ ಹಣ್ಣಿಂದ ಏನ್ ಮಾಡ್ತಾರ್ರಿ? ಕುಡಿಯೂ ಸೆರೆ ಮಾಡ್ತಾರ. ಸೆರೆ ಇವರ ಧರ್ಮಕ್ಕ ಆಗಿ ಬರ್ತೈತೇನು? ಬರೂದಿಲ್ಲ. ಬಳ್ಳಿ ಬುಡಕ್ಕನ ಗರಗಸ ಇಟ್ಟಾನ. ಇದಕ್ಕಿಂತ ಏನ್ ಬೇಕು?"

"ಇಪ್ಪತ್ತೆರಡು ವರ್ಷ ಅದಕ್ಕ ನೀರು ಹಾಕಿದವರಿಗೆ ಮೊನ್ನೆ ನಸುಕಿನ್ಯಾಗ ಒಮ್ಮೆಲೇ ಧರ್ಮ ನೆನಪಾತೇನ್ರಿ?"

"ಕಂಪೌಂಡರ್, ನೀವು ಕೈ ಕಟ್ಟಾಕ ಬಂದೀರಿ. ಕಟ್ಟಿ ಹೋಗ್ರಿ."

"ಕಟ್ಟಿ ಆತು. ಗಾಡಿ ನಾಲ್ಕಕ್ಕದ. ಅಲ್ಲೀಮಟ ನಾ ಎಲ್ಲಿ ನಿಂದ್ರಬೇಕು ಅಂತ ಸರಕಾರ ಹೇಳಿಲ್ಲಲ್ಲ?"

ಬೇವಿನ ಮರಕ್ಕೆ ಕಟ್ಟಿದ್ದ ಫೌಜದಾರನ ಕುದುರೆಯ ಜೀನಿಗೆ ಒಂದು ಚೀಲ ತೂಗಿತ್ತು. ಅದರ ಬಾಯಿಂದ ಎರಡು ಬಾಟಲಿಗಳ ಕತ್ತು ಹೊರಗೆ ಇಣುಕಿದ್ದವು. ಪಂಢರೀನಾಥನ ಕಣ್ಣು ಅತ್ತ ಹೋದದ್ದನ್ನು ಕಂಡು ಫೌಜದಾರ ಕೆಮ್ಮಿದ.

"ಔಷಧ," ಎಂದ.

"ಹೌದೇನ್ರಿ? ನಮ್ಮ ದವಾಖಾನ್ಯಾಗಂತೂ ಇಂಥಾ ಔಷಧ ಇಟ್ಟಿಲ್ಲ."

ಶಿಪಾಯಿ ನಗು ತಡೆಯಲು ಮೀಸೆ ಒರೆಸಿಕೊಂಡ. ಫೌಜದಾರ ಮುಖ ಕೆಂಪಗೆ ಮಾಡಿಕೊಂಡು ಚೀಲದ ಬಾಯಿ ಕಟ್ಟತೊಡಗಿದ. ಪಂಢರೀನಾಥ ಅದನ್ನೇ ಪರವಾನಗಿ ಅಂದುಕೊಂಡು ತೋಟದೊಳಗೆ ನಡೆದುಬಿಟ್ಟ.

ತೋಟವೆಂದರೆ ಮಲಪ್ರಭೆಯ ದಂಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಆರು ಎಕರೆ. ಅದನ್ನು ಹಾಕಿದವನು ಎಸ್ತೇಬಾನ್ ಎಂಬ ಸ್ಪೇನ್ ದೇಶದವನು. ಹೊಳೆಗೆ ರೈಲಿನ ಪೂಲು ಕಟ್ಟುವಾಗ ಕಲ್ಲುಕೆಲಸಕ್ಕೆಂದು ಬಂದಿದ್ದ. ಅವನ ಊರಿನ ದ್ರಾಕ್ಷಿಯನ್ನೆಲ್ಲ ಬೇರಿಗೆ ಬಿದ್ದ ಒಂದು ಸಣ್ಣ ಹುಳು ತಿಂದು ಹಾಕಿತ್ತಂತೆ. ಹುಳು ಮುಟ್ಟದ ಒಂದೇ ಒಂದು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಹಡಗಿನಲ್ಲಿ ತನ್ನ ಪಾಲಿನ ಕುಡಿಯುವ ನೀರನ್ನೇ ಅದಕ್ಕೆ ಚಿಮುಕಿಸುತ್ತ ತಂದಿದ್ದ. ಬಾದಾಮಿಯ ಕೆಂಪು ಬಂಡೆ ಕಂಡ ದಿನ "ನಮ್ಮೂರೂ ಹೀಗೇ ಇದೆ" ಎಂದು ಅತ್ತನಂತೆ. ಪೂಲು ಮುಗಿಯಿತು, ಜೊತೆಯವರೆಲ್ಲ ಹೋದರು, ಅವನು ಉಳಿದ. ಅದೇ ಪೂಲಿಗೆ ಕಲ್ಲು ಹೊರುತ್ತಿದ್ದ ದುರಗವ್ವನನ್ನು ಮದುವೆಯಾದ.

ಆ ಕಡ್ಡಿ ಬೆಳೆದು ಬಳ್ಳಿಯಾಯಿತು. ಅದರ ಮಕ್ಕಳು ಆರು ಎಕರೆಯಾದವು. ತಾಯಿಬಳ್ಳಿಯನ್ನು ಮುದುಕ ತನ್ನ ಭಾಷೆಯಲ್ಲಿ ಮಾದ್ರೆ, ಎಂದರೆ ತಾಯಿ, ಎಂದು ಕರೆಯುತ್ತಿದ್ದ. ಸುತ್ತಲಿನವರ ಬಾಯಲ್ಲಿ ಅದು ಮಾದ್ರಿ ಆಯಿತು. ಮುದುಕ ಸತ್ತು ಈಗ ವರ್ಷ ತುಂಬಿತು.

ಈಗ ನೋಡಿ, ಆ ಮಾದ್ರಿಯ ಚಪ್ಪರವೆಲ್ಲ ಬಾಡಿ ನೇತಾಡುತ್ತಿತ್ತು. ಎಲೆಗಳು ಬೆಂಕಿಗೆ ಹಿಡಿದ ಹಪ್ಪಳದಂತೆ ಸುರುಟಿದ್ದವು. ಕೆಳಗೆ, ತೊಡೆಯಷ್ಟು ದಪ್ಪದ ಬೊಡ್ಡೆ.

ಪಂಢರೀನಾಥ ಮಂಡಿಯೂರಿದ. ಹದಿನೈದು ವರ್ಷ ಹುಣ್ಣು, ಗಾಯ, ಮುರಿತ ಕಟ್ಟಿದ ಮನುಷ್ಯ. ಬಾಗಲಕೋಟೆಯಲ್ಲಿ ಎರಡು ಕಳವು ಪತ್ತೆಹಚ್ಚಿದ ಮೇಲೆ ಜನ ಅವನನ್ನು ಏನೇನೋ ಹೊಗಳುತ್ತಿದ್ದರು, ಆದರೆ ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಗಾಯವನ್ನು ನೋಡುವುದು.

ಗಾಯ ನೋಡಿದ. ನೋಡಿ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

ಮೊದಲನೆಯದು, ಹೊಟ್ಟೆಕಿಚ್ಚಿಗೆ ಕಡಿದವರು ಕೊಡಲಿ ತರುತ್ತಾರೆ, ಸಿಕ್ಕಸಿಕ್ಕಲ್ಲಿ ಹೊಡೆಯುತ್ತಾರೆ. ಇಲ್ಲಿ ಗರಗಸ ಒಂದೇ ಓಟದಲ್ಲಿ ಹೋಗಿತ್ತು, ನೀರು ನಿಲ್ಲದೆ ಜಾರಿ ಹೋಗುವ ಹಾಗೆ ಓರೆಯಾಗಿ. ಎರಡನೆಯದು, ಗರಗಸದ ಸಿಬಿರನ್ನೆಲ್ಲ ಚೂರಿಯಿಂದ ಕೆತ್ತಿ ಅಂಚು ನುಣುಪು ಮಾಡಿದ್ದರು. ಇನ್ನು ಮೂರನೆಯದು! ಕೊಯ್ದ ಮೈಯ ಮೇಲೆ ಬೂದುಬಣ್ಣದ ಒಂದು ಪದರು ಒಣಗಿ ಕೂತಿತ್ತು. ಫೌಜದಾರ ಅದನ್ನು ಕೆಸರು ಎಂದು ಬರೆಸಿದ್ದ. ಕೆಸರಂತೆ! ಕೆಸರು ಹಾರಿ ಬಿದ್ದರೆ ಸುತ್ತಲೂ ಒಂದೇ ಅಳತೆಗೆ ಬೀಳುತ್ತದೆಯೇ? ಅಂಚಿನುದ್ದಕ್ಕೂ ಎರಡು ಹೆಬ್ಬೆರಳುಗಳಿಂದ ಎಡಕ್ಕೂ ಬಲಕ್ಕೂ ಒತ್ತಿ ಒತ್ತಿ ಕೂಡಿಸಿದ ಗುರುತುಗಳು. ಪಟ್ಟಿ ಕಟ್ಟಿದ ಮೇಲೆ ತುದಿ ಸಡಿಲಾಗಬಾರದೆಂದು ಪಂಢರೀನಾಥನೇ ಒತ್ತುತ್ತಾನಲ್ಲ, ಹಾಗೆಯೇ.

ಕೊಂದವರು ಕೂತು ಮುಲಾಮು ಹಚ್ಚಿ ಹೋಗಿದ್ದರು.

ಉಗುರಿನಿಂದ ಒಂದು ಹಪ್ಪಳಿಕೆ ಎಬ್ಬಿಸಿ ಮೂಗಿಗೆ ಹಿಡಿದ. ಸಗಣಿ, ಬೂದಿ. ಅದರ ಹಿಂದೆ, ಎಲ್ಲೋ ಆಳದಲ್ಲಿ, ಮೂಗು ಚುಚ್ಚುವ ಹುಳಿ.

ಹಪ್ಪಳಿಕೆ ಎದ್ದ ಜಾಗದಲ್ಲಿ ಮರ ಒದ್ದೆಯಾಗಿತ್ತು. ಅವನು ನೋಡುತ್ತಿದ್ದಂತೆ ಅಲ್ಲೊಂದು ಹನಿ ಮೂಡಿತು, ದುಂಡಗಾಯಿತು, ಓರೆಯಲ್ಲಿ ಜಾರಿತು. ಮತ್ತೊಂದು ಮೂಡಿತು.

"ಲಾಡಸಾಬ್ರ!" ಪಂಢರೀನಾಥ ಅಲ್ಲಿಂದಲೇ ಕೂಗಿದ. "ಬರಾಕತ್ತದ! ನೀರು ಬರಾಕತ್ತದ!"

ಅಂಗಳದಲ್ಲಿ ಲಾಡಸಾಬ ಬೇಡಿಯ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಹೆಬ್ಬೆರಳಿನ ಮಸಿ ಹಣೆಗೆಲ್ಲ ಮೆತ್ತಿತು. "ಜೀವ ಐತಿ," ಎಂದು ಅವನು ಯಾರಿಗೂ ಅಲ್ಲದೆ ಹೇಳಿದ, "ಜೀವ ಐತಿ ಅದರಾಗ."

ಆಗ ಬಂದಳು ನೋಡಿ ಶಹರಬಾನು. ಲಾಡಸಾಬನ ಹೆಂಡತಿ. ತೋಟದ ಮೂಲೆಯ ಗುಡಿಸಲಿನಿಂದ ರೊಟ್ಟಿಗಂಟು ಹಿಡಿದು ಬಂದವಳನ್ನು ಶಿಪಾಯಿ ಕೋಲು ಅಡ್ಡ ಹಿಡಿದು ನಿಲ್ಲಿಸಿದ.

"ಆರೋಪಿಗೆ ಹೊರಗಿನ ಊಟ ಇಲ್ಲ."

"ಹೊರಗಿನದೇನು? ಇದೇ ಪಡದಾಗಿನ ಒಲಿಮ್ಯಾಲ ಬಡದದ್ದು. ನಿನ್ನೆ ಇದೇ ರೊಟ್ಟಿ ನೀನೂ ಎರಡು ತಿಂದೆಲ್ಲೋ ಯಪ್ಪಾ, ಖಾರ ಕಮ್ಮಿ ಅಂದೆ. ಇವತ್ತು ಹೊರಗಿನದಾತೇನು?"

ಶಿಪಾಯಿಯ ಕೋಲು ಇಳಿಯಿತು. ಫೌಜದಾರ ಕಣ್ಣು ಬಿಟ್ಟದ್ದಕ್ಕೆ ಮತ್ತೆ ಏರಿತು.

ಶಹರಬಾನು ಪಂಢರೀನಾಥನ ಕಡೆ ತಿರುಗಿದಳು. "ಕಂಪೌಂಡರ್ ಸಾಹೇಬ್ರ, ಯಾಕ ಅಂತ ಇವರು ಕೇಳವಲ್ರು, ನೀವರೆ ಕೇಳ್ರಿ. ಇವರಿಗೆ ಬಳ್ಳಿ ಕಡದ್ರ ಏನ್ ಸಿಗ್ತೈತಿ? ದೊಡ್ಡ ಸಾಹೇಬ್ರು ಸಾಯೂ ಮುಂದ ಐದು ಮಂದಿ ಹಿರ್ಯಾರ್ನ ಕೂಡಿಸಿ ಹೇಳ್ಯಾರ. ಮಾದ್ರಿ ಜೀವ ಇರೂಮಟ ಲಾಡಸಾಬನ ಒಲಿ ಈ ಪಡದಾಗ ಉರೀಬೇಕು ಅಂತ. ಬಳ್ಳಿ ಹೋದ್ರ ನಮ್ಮ ಮನಿ ಹೋತು! ತನ್ನ ಮನಿ ಬುಡಕ್ಕ ತಾನ ಗರಗಸ ಇಡ್ತಾರೇನ್ರಿ ಯಾರರೆ?"

ಪಂಢರೀನಾಥ ಎದ್ದು ನಿಂತ. "ಮತ್ತ ಯಾರಿಗೆ ಬೇಕಾಗಿತ್ತು ನಿಮ್ಮ ಮನಿ ಹೋಗೂದು?"

ಅವಳು ಪಡಸಾಲೆಯತ್ತ ನೋಡಿದಳು. ಅಲ್ಲಿ ಮತೇವ ಕಂಬಕ್ಕೆ ಒರಗಿ ನಿಂತಿದ್ದ. ಅಪ್ಪನ ಉದ್ದನೆಯ ಮೂಗು, ಅವ್ವನ ಕಪ್ಪು ಕಣ್ಣು, ಇಪ್ಪತ್ತರ ವಯಸ್ಸು.

"ಹೋದ ವಾರ ಸೆರೆ ಗುತ್ತಿಗಿ ಮಲಕಪ್ಪ ಪಡಾ ಖರೀದಿ ಮಾಡಾಕ ಬಂದಿದ್ದ," ಎಂದಳು. "ಪಡಾ ಎಲ್ಲಾ ಹೆಜ್ಜಿ ಹಾಕಿ ಅಳದ. ನನ್ನ ಗುಡಸಲದಾಗ ಕೇಳದ ಹೊಕ್ಕ. ಉರಿಯೂ ಒಲಿ ಮುಂದ ನಿಂತು, ಇಲ್ಲಿ ಎತ್ತು ಕಟ್ಟಾಕ ಛಲೋ ಐತಿ ಅಂದ. ಈ ಮಂದಿ ಯಾವಾಗ ಹೋಗ್ತಾರ ಅಂತ ಕೇಳಿದ. ಸಣ್ಣ ಸಾಹೇಬ್ರು ಬಗಲಾಗ ನಿಂತಿದ್ರು. ನನ್ನ ರೊಟ್ಟಿ ಹಂಚಿನ ಮ್ಯಾಲ ಇತ್ತು. ಬಾಯಿ ಪಿಟಕ್ ಅನ್ನಲಿಲ್ಲ ಅವರು!"

ಉರಿಯುವ ಒಲೆಯ ಮುಂದೆ, ರೊಟ್ಟಿ ಬಡಿಯುವ ಹೆಂಗಸಿನ ಎದುರಿಗೆ, ಇಲ್ಲಿ ಎತ್ತು ಕಟ್ಟೋಣ! ಅವನು ನಾಲ್ಕೇ ಹೆಜ್ಜೆಯಲ್ಲಿ ಅಂಗಳಕ್ಕೆ ಬಂದು ಲಾಡಸಾಬನ ಎದುರು ಕೂತ. ಅಂಗೈಯಲ್ಲಿ ಆ ಹಪ್ಪಳಿಕೆ.

"ಲಾಡಸಾಬ್ರ, ಈ ಮುಲಾಮಿನ್ಯಾಗ ಏನೇನು ಹಾಕ್ತಾರ?"

"ಸಗಣಿ, ಬೂದಿ, ಕೆಮ್ಮಣ್ಣು. ಆಮ್ಯಾಲ ಪೀಪಾಯಿ ತಳದ ಗಸಿ ಹಾಕಿ ನಾದ್ತಾರ್ರಿ. ಹುಳಾ ಹತ್ತೂದಿಲ್ಲ ಅಂತ ದೊಡ್ಡ ಸಾಹೇಬ್ರ ಊರಾಗಿನ ರೂಢಿ."

"ನೀವು ನಾದೀರೇನು ಯಾವಾಗರೆ?"

ಲಾಡಸಾಬ ತಲೆಯಲ್ಲಾಡಿಸಿದ. "ಸೆರೆ ಗಸಿ ನಾ ಹೆಂಗ ಮುಟ್ಟಲಿ? ಪೀಪಾಯಿ ಕೋಣಿ ಹೊಸ್ತಿಲಾ ಸುದ್ದಾ ದಾಟಿಲ್ರಿ. ಬಂದ ಮೊದಲನೇ ವರ್ಷನ ಹೇಳಿದ್ದೆ. ಈ ಮನ್ಯಾಗ ಒಂದು ನೇಮ ಐತಿ, ಕೊಯ್ದ ಕೈನ ಗಾಯ ಮುಚ್ಚಬೇಕು, ಮುಚ್ಚದ ಬೆನ್ನು ತಿರುಗಿಸಬಾರದು. ನನ್ನ ಸಲುವಾಗಿ ದೊಡ್ಡ ಸಾಹೇಬ್ರು ಆ ನೇಮ ಮುರದ್ರು. ಬಳ್ಳಿ ಸವರೂ ಚಾಟಣಿ ದಿನ ನಾ ಮುಂದ ಮುಂದ ಕಡ್ಡಿ ಕೊಯ್ಕೋತ ಹೋಗತಿದ್ದೆ, ಮಾಲಕರಾದವರು ಗಡಿಗಿ ಹಿಡಕೊಂಡು ನನ್ನ ಹಿಂದ ಮೆತ್ತಿಕೋತ ಬರ್ತಿದ್ರು. ಅವರ ನಂತರ ಅವ್ವಾರು. ಸಣ್ಣ ಸಾಹೇಬ್ರಿಗೂ ಐದು ವರ್ಷದಾಗಿಂದ ದೊಡ್ಡ ಸಾಹೇಬ್ರು ಈ ನೇಮ ಕಲಿಸಿದ್ರು."

ಒಬ್ಬ ಯಜಮಾನ ಆಳಿನ ಹಿಂದೆ ಗಡಿಗೆ ಹಿಡಿದು ಇಪ್ಪತ್ತೊಂದು ವರ್ಷ ನಡೆದಿದ್ದ. ಅವನ ಮಗ ಆ ಆಳಿನ ಕೈಗೆ ಬೇಡಿ ಹಾಕಿಸಿದ್ದ. ಪಂಢರೀನಾಥ ಎದ್ದ.

"ಫೌಜದಾರ ಸಾಹೇಬ್ರ, ಧರ್ಮದ ಮಾತು ನೀವೇ ತೆಗೆದ್ರಿ. ಈಗ ಅದನ್ನೇ ಹಿಡೀರಿ. ಇದರ ವಾಸನಿ ನೋಡ್ರಿ. ಸೆರೆ ಗಸಿ. ಈ ಮನುಷ್ಯಾ ಅದನ್ನ ಮುಟ್ಟೂದಿಲ್ಲ, ನಿಮ್ಮ ಬಾಯಿಲೇ ಬಂತು."

ಫೌಜದಾರ ಮೂಸಿದ. ಆ ವಾಸನೆ ಅವನಿಗೆ ಚೆನ್ನಾಗಿ ಪರಿಚಯವಿತ್ತು. "ಇವ ಕಡದಾನ, ಆಮ್ಯಾಲ ಮತ್ತ್ಯಾರೋ ಮರುಕ ಬಂದು ಮೆತ್ಯಾರ. ಆಗಬಾರದೇನು?"

"ಆಗಬಹುದು. ಅದಕ್ಕ ಫಿರ್ಯಾದಿ ಓದ್ರಿ. ಜೋರಾಗಿ ಓದ್ರಿ."

ಶಿಪಾಯಿ ಕಾಗದ ಬಿಚ್ಚಿ ತಡವರಿಸುತ್ತ ಓದಿದ: ನಸುಕಿನಲ್ಲಿ ಗರಗಸದ ಸದ್ದಿಗೆ ಎಚ್ಚರಾಗಿ ನಾನೇ ಓಡಿ ಹೋದೆನು. ಕಡಿದವನು ಓಡಿಹೋಗಿದ್ದನು. ಆಗಿನಿಂದ ಫೌಜದಾರರು ಬರುವವರೆಗೆ ನಾನೇ ಕಾವಲು ಕೂತು ಬಳ್ಳಿಯ ಹತ್ತಿರ ಒಂದು ನರಪಿಳ್ಳೆಯನ್ನೂ ಬಿಟ್ಟಿರುವುದಿಲ್ಲ.

"ಒಂದು ನರಪಿಳ್ಳಿನೂ ಬಿಟ್ಟಿಲ್ಲ," ಎಂದ ಪಂಢರೀನಾಥ. "ಅಂದ್ರ ಮುಲಾಮು ಹಚ್ಚಿದವ ಕಡದವನೇ. ಕಡದು, ಅಂಚು ಕೆತ್ತಿ, ಹಚ್ಚಿ, ಒತ್ತಿ, ಆಮ್ಯಾಲ ಬೆನ್ನು ತಿರುಗಿಸ್ಯಾನ. ಮತೇವಪ್ಪ, ಪೀಪಾಯಿ ಕೋಣಿ ಕೀಲಿ ಎಲ್ಲದ?"

ಮತೇವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಉಡಿದಾರಕ್ಕೆ ಕಟ್ಟಿದ ಉದ್ದನೆಯ ಕಬ್ಬಿಣದ ಕೀಲಿ. ಎಲ್ಲರೂ ನೋಡಿದರು. ಅವನೂ ನೋಡಿದ.

"ನನ್ನ ಕಡೇನ ಇರ್ತೈತಿ. ಏನೀಗ?"

"ಯಾವಾಗಿಂದ?"

"ಅಪ್ಪ ಹೋದಾಗಿಂದ."

"ಮಲಗುವಾಗ?"

"ಸೊಂಟದಾಗ ಇರ್ತೈತಿ ಅಂದ್ನಲ್ಲ!"

"ಹಂಗಾದ್ರ ಗಸಿ ತೆಗೆದವರು ಯಾರು? ನೋಡು, ನಾ ಹೇಳ್ತೇನಿ. ಮಾದ್ರಿ ಸತ್ರ ಅಪ್ಪನ ಮಾತೂ ಸಾಯ್ತದ. ಲಾಡಸಾಬ ಜೇಲಿಗೆ ಹೋದ್ರ ಆ ಗುಡಿಸಲಾ ಕೇಳವರಿಲ್ಲ. ಮಲಕಪ್ಪನ ಎತ್ತಿಗೆ ಜಾಗಾ ಆತು! ಅದಕ್ಕ ಕಡದಿ. ಆದ್ರ ನಿನ್ನ ಕೈ ನಿನ್ನ ಮಾತು ಕೇಳಲಿಲ್ಲ. ನೀ ಐದು ವರ್ಷದವನಿದ್ದಾಗಿಂದ ಅಪ್ಪ ತಿದ್ದಿದ ಕೈ ಅದು. ಗಾಯಾ ತೆರದ ಬಿಟ್ಟು ನಾಲ್ಕ ಹೆಜ್ಜಿ ಇಡಾಕ ಆಗಲಿಲ್ಲ ನಿನಗ. ತಿರುಗಿ ಹೋಗಿ ಗಡಿಗಿ ತಂದಿ. ಹೌದೋ ಅಲ್ಲೋ?"

ಮತೇವನ ಮುಖ ಸುಣ್ಣ ಬಳಿದಂತಾಗಿತ್ತು. ತುಟಿ ಅಲುಗಿತು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನು ಹೌದೆಂದುಬಿಡುತ್ತಾನೆ ಅನ್ನಿಸಿತು ಪಂಢರೀನಾಥನಿಗೆ. ಕಣ್ಣಲ್ಲಿ ನೀರು ಕೂಡ ಇತ್ತು.

ಆಮೇಲೆ ಅವನು ಹೇಳಿದ್ದನ್ನು ಕೇಳಿ. ಹಲ್ಲು ಕಚ್ಚಿಕೊಂಡು ಕೇಳಿ.

"ಮುಲಾಮು ಕಲಸೂದು ನನಗೊಬ್ಬನಿಗೇ ಬರ್ತೈತೇನು? ಅವ್ವಗೂ ಬರ್ತೈತಿ."

ಲಾಡಸಾಬ ತಲೆಯೆತ್ತಿದ. ಶಹರಬಾನು "ತೋಬಾ" ಎಂದು ಕೆನ್ನೆ ಬಡಿದುಕೊಂಡಳು. ಫೌಜದಾರ ಕೂಡ ಮತೇವನನ್ನು ಬಿಟ್ಟು ನೆಲ ನೋಡಿದ.

ಏಕೆಂದರೆ ದುರಗವ್ವ ಬಾಗಿಲಲ್ಲಿ ನಿಂತಿದ್ದಳು.

ಯಾವಾಗ ಬಂದಳೋ ಗೊತ್ತಿಲ್ಲ. ಬಿದಿರಿನ ದಬ್ಬೆ ಇಟ್ಟು ಬಿಗಿದ ಬಲಗೈ ಕೊರಳ ಜೋಳಿಗೆಯಲ್ಲಿತ್ತು. ಒಂದು ತಾಸಿನ ಹಿಂದೆ ಪಂಢರೀನಾಥನೇ ಕಟ್ಟಿದ ಬಿಳಿಯ ಹೊಸ ಪಟ್ಟಿ. ಎಡಗೈಯಿಂದ ಚೌಕಟ್ಟು ಹಿಡಿದು ಅವಳು ಮಗನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮತೇವ ಮುಖ ತಿರುಗಿಸಿದ.

"ಹೌದ್ರಿ," ಎಂದಳು ದುರಗವ್ವ. "ನಾನ ಕಡದೆ."

"ಅವ್ವಾರ!" ಎಂದ ಪಂಢರೀನಾಥ.

"ನಾನ ಕಡದೆ, ನಾನ ಮುಲಾಮು ಹಚ್ಚಿದೆ. ಅಂವ ಮಲಗಿದ್ದಾಗ ಸೊಂಟದಾಗಿನ ಕೀಲಿ ತಗೊಂಡೆ. ಹುಟ್ಟಿದಾಗಿಂದ ಅಂವಗ ನಿದ್ದಿ ಭಾಳ. ಲಾಡ್ಯಾಂದು ಏನೂ ತಪ್ಪಿಲ್ಲ, ಬಿಡ್ರಿ ಅವನ್ನ."

"ಯಾಕ ಕಡದಿ?" ಫೌಜದಾರ ಕೇಳಿದ.

"ನನ್ನ ಗಂಡನ ಬಳ್ಳಿ. ಅಂವ ಹೋದಾಗ ಅದು ಯಾಕ ಇರಬೇಕು ಅನಿಸ್ತು. ಮುದುಕಿ ತಲಿ. ಕಡದ ಮ್ಯಾಲ ಸಂಕಟ ಆತು, ಮೆತ್ತಿದೆ."

"ಈ ಕೈಲೆ?"

ದುರಗವ್ವ ತಡವರಿಸಲೇ ಇಲ್ಲ. ಎಲ್ಲವನ್ನೂ ಆ ಬಾಗಿಲಲ್ಲಿ ನಿಂತೇ ಹೊಂದಿಸಿಕೊಂಡಿದ್ದಳು. "ಆವಾಗ ಕೈ ನೆಟ್ಟಗಿತ್ರಿ. ಮೆತ್ತಿ ಎದ್ದಾಗ ಚಪ್ಪರದ ಕಲ್ಲಿಗೆ ಎಡವಿ ಬಿದ್ದೆ. ಆವಾಗ ಮುರೀತು. ಮೊನ್ನೆ."

ಸುಳ್ಳು! ಪಂಢರೀನಾಥನ ನಾಲಗೆಯ ತುದಿಗೆ ಬಂದುಬಿಟ್ಟಿತು. ಅವಳು ಬಿದ್ದದ್ದು ಬಾವಿಯ ಮೆಟ್ಟಿಲಲ್ಲಿ, ಎಂಟು ದಿನದ ಕೆಳಗೆ. ಲಾಡಸಾಬನೇ ಅವಳನ್ನು ರೈಲಿನಲ್ಲಿ ಕೂಡಿಸಿಕೊಂಡು ಬಾಗಲಕೋಟೆಗೆ ತಂದಿದ್ದ. ಎಲುಬು ಕೂಡಿಸುವಾಗ ಅವಳು ಕೂಗದಿರಲೆಂದು ತನ್ನ ರುಮಾಲಿನ ಚುಂಗು ಕಚ್ಚಲು ಕೊಟ್ಟವನು ಲಾಡಸಾಬ. ಮೊನ್ನೆ ನಸುಕಿಗೆ ಆ ಕೈ ಒಂದು ಸೌಟು ಎತ್ತುವ ಸ್ಥಿತಿಯಲ್ಲಿರಲಿಲ್ಲ. ಗರಗಸವಂತೆ! ಎರಡು ಹೆಬ್ಬೆರಳಿನಿಂದ ಒತ್ತಿದ ಮುಲಾಮಂತೆ!

ದುರಗವ್ವನಲ್ಲದೆ ಅಲ್ಲಿದ್ದ ಇನ್ನೂ ನಾಲ್ವರಿಗೆ ಇದು ಗೊತ್ತು. ಫೌಜದಾರನಿಗೆ, ಶಿಪಾಯಿಗೆ ಗೊತ್ತಿಲ್ಲ.

ಫೌಜದಾರ ಪೂರ್ತಿ ಪೆದ್ದನೇನೂ ಅಲ್ಲ. ಅವನು ಆ ಹೊಸ ಪಟ್ಟಿಯನ್ನು ನೋಡಿದ, ಮತೇವನ ಸೊಂಟದ ಕೀಲಿಯನ್ನು ನೋಡಿದ, ಮತೇವ ಕೊಟ್ಟ ಬಾಟಲಿಗಳಿದ್ದ ತನ್ನ ಕುದುರೆಯ ಚೀಲವನ್ನು ನೋಡಿದ. ಎಲ್ಲರಿಗೂ ಅನುಕೂಲವಾದ ಒಂದು ದಾರಿ ಅವನಿಗೆ ಕಂಡಿತು. ಅದು ಕಂಡದ್ದು ಅವನ ಮುಖದ ಮೇಲೇ ಗೊತ್ತಾಯಿತು.

"ಕಂಪೌಂಡರ್," ಎಂದ, ಈಗ ಬಹಳ ಮೃದುವಾಗಿ. "ಈ ಕೈಗೆ ದಬ್ಬಿ ಕಟ್ಟಿದವರು ನೀವು. ನಿಮ್ಮ ಒಂದ ಮಾತು ಸಾಕು. ಈ ಕೈ ಮುರದದ್ದು ಮೊನ್ನೇನೋ, ಅದಕ್ಕಿಂತ ಮೊದಲೋ? ಮೊನ್ನೆ ಅಂದ್ರ, ಇದು ಮನಿ ಮಂದಿ ಭಾನಗಡಿ. ತಾಯಿ ಮಗಂದು ಬಳ್ಳಿ ಕಡದಾಳ, ಮಗಾ ಫಿರ್ಯಾದಿ ವಾಪಸ್ ತಗೋತಾನ, ಈಗಿಂದೀಗ ಇವನ ಬೇಡಿ ತಗೀತೇನಿ. ಮೊದಲ ಅಂದ್ರ, ಮುದುಕಿ ಹೇಳಿದ್ದು ಸುಳ್ಳಾತು. ಫಿರ್ಯಾದಿ ನಿಂತಿರ್ತೈತಿ, ಇಂವ ನಾಲ್ಕರ ಗಾಡಿಗೆ ಹೋಗ್ತಾನ. ನಿಮ್ಮ ಗಸಿ, ನಿಮ್ಮ ಕೀಲಿ ಎಲ್ಲಾ ಬಿಜಾಪುರದಾಗ ಹೇಳ್ರಿ. ತಿಂಗಳಕ್ಕ ಕೇಳ್ತಾರೋ, ಆರು ತಿಂಗಳಕ್ಕ ಕೇಳ್ತಾರೋ, ನನಗ ಗೊತ್ತಿಲ್ಲ."

"ಇದು ನ್ಯಾಯ ಏನ್ರಿ? ಖರೆ ಹೇಳಿದ್ರ ಜೇಲು, ಸುಳ್ಳು ಹೇಳಿದ್ರ ಬಿಡುಗಡಿ?"

"ನನಗ ನ್ಯಾಯ ಕಲಿಸಬ್ಯಾಡ್ರಿ. ತಾರೀಖು ಹೇಳ್ರಿ."

ಮತೇವ ಕಂಬಕ್ಕೆ ಒರಗಿಯೇ ಇದ್ದ. ಸುಳ್ಳು ನಿಂತರೆ ಅವನು ಗೆದ್ದ ಹಾಗೆ. ನಾಳೆ ಬೆಳಿಗ್ಗೆ ಗುದ್ದಲಿ ಹಿಡಿದು, ಹನಿ ಹನಿ ಜೀವ ಒಸರುತ್ತಿರುವ ಆ ಬೊಡ್ಡೆಯನ್ನು ಬೇರುಸಹಿತ ಕಿತ್ತು ಹಾಕಿದರೂ ಕೇಳುವವರಿಲ್ಲ. ಈ ಸಲ ಗಾಯ ಉಳಿಯುವುದೇ ಇಲ್ಲ, ಮುಲಾಮು ಯಾರು ಹಚ್ಚಬೇಕು?

"ಹೇಳಬ್ಯಾಡ್ರಿ ಸುಳ್ಳು," ಎಂದ ಲಾಡಸಾಬ. ಕೂತಲ್ಲಿಂದ ಎದ್ದಿದ್ದ. ಹಣೆಯ ತುಂಬ ಮಸಿ. "ಅವ್ವಾರ ತಲಿಮ್ಯಾಲ ಹಾಕಿ ನಾ ಮನಿಗೆ ಹೋಗಂಗಿಲ್ಲ. ಅವರ ಅನ್ನ ಉಂಡೇನಿ."

"ನೀ ಸುಮ್ಮನಿರು ಲಾಡ್ಯಾ!" ದುರಗವ್ವ ಬಾಗಿಲಿಂದಲೇ ಗದರಿದಳು. "ನನ್ನ ಅನ್ನದ ಋಣ ನನಗ ಬಿಡು."

ಶಹರಬಾನು ಮಾತ್ರ ಪಂಢರೀನಾಥನ ಮುಂದೆ ಬಂದು ನಿಂತಳು. ರೊಟ್ಟಿಗಂಟು ಇನ್ನೂ ಕೈಯಲ್ಲಿತ್ತು, ಇನ್ನೂ ಬೆಚ್ಚಗಿತ್ತು. ಇಷ್ಟು ಹೊತ್ತು ಎಲ್ಲರನ್ನೂ ಬೈದ ಹೆಂಗಸಿನ ದನಿ ಈಗ ಕೇಳಿಸಿತೋ ಇಲ್ಲವೋ ಅನ್ನುವಷ್ಟಿತ್ತು.

"ಮೊನ್ನೆ ಅನ್ರಿ ಯಪ್ಪಾ. ನಿಮ್ಮ ಕಾಲು ಬೀಳ್ತೇನಿ. ಗುಡಸಲಾ ಹೋದ್ರ ಹೋಗಲಿ. ಮೊನ್ನೆ ಅನ್ರಿ."

ಹೊರಗೆ ಸ್ಟೇಶನ್ನಿಗೆ ಹೋಗುವ ಚಕ್ಕಡಿಗೆ ಎತ್ತು ಹೂಡಿದರು. ಕೊರಳ ಗಂಟೆ ಒಮ್ಮೆ ಕುಲುಕಿತು. ಶಿಪಾಯಿ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಹಿಡಿದ. ದುರಗವ್ವ ಬಾಗಿಲಲ್ಲಿ ನಿಂತು, ಪಂಢರೀನಾಥನ ಕಣ್ಣಲ್ಲಿ ಕಣ್ಣಿಟ್ಟು, ಕಟ್ಟಿದ ಕೈಯನ್ನು ಮೆಲ್ಲಗೆ ಎದೆಗೊತ್ತಿಕೊಂಡಳು.

"ಹೂಂ, ಹೇಳ್ರಿ," ಎಂದ ಫೌಜದಾರ. "ಯಾವತ್ತು ಮುರೀತು?"

ಪಂಢರೀನಾಥ ಬಾಯಿ ತೆರೆದ.

ಅವನ ಜಾಗದಲ್ಲಿ ನೀವಿದ್ದರೆ ಯಾವ ದಿನ ಹೇಳುತ್ತಿದ್ದಿರಿ?